ಮಳೆಗಾಲ ಬರುವ ಮುಂಚೆ: ಕಾರಿನ ಕುರಿತು ಓದುಗರ ಪ್ರಶ್ನೆಗಳು

ಮೇ ತಿಂಗಳು ಕಳೆಯುತ್ತ ಬಂದಂತೆ ಈ ಅಂಕಣಕ್ಕೆ ಮಂಗಳೂರು, ಉಡುಪಿ ಕಡೆಯಿಂದ ಬರುವ ಪತ್ರಗಳಲ್ಲಿ ಮೈಲೇಜಿನ ಮಾತು ಹಿಂದೆ ಸರಿದು ನೀರಿನ ಮಾತು ಮುಂದೆ ಬರುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ, ಉಳಿದ ತಿಂಗಳುಗಳಲ್ಲಿಯೂ ಗಾಳಿಯಲ್ಲಿ ಉಪ್ಪು ಮತ್ತು ತೇವ ತುಂಬಿರುವ ನಮ್ಮ ಊರುಗಳಲ್ಲಿ ಕಾರು ಕೊಳ್ಳುವವರೂ ಇಟ್ಟುಕೊಂಡವರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ? ಈ ಸಲ ಆಯ್ದುಕೊಂಡ ಪತ್ರಗಳಲ್ಲಿ ಒಂದನ್ನು ಬಿಟ್ಟರೆ ಉಳಿದವೆಲ್ಲ ಅದಕ್ಕೇ ಸಂಬಂಧಿಸಿದವು.

ಪ್ರಶ್ನೆ: ಸುರತ್ಕಲ್ ಬಳಿ ಸಮುದ್ರದ ಪಕ್ಕದಲ್ಲೇ ಮನೆಯಿರುವ ಒಬ್ಬರಿಂದ ಎಂಟು ವರ್ಷ ಹಳೆಯ ಪೆಟ್ರೋಲ್ ಕಾರೊಂದನ್ನು ಕೊಳ್ಳಬೇಕೆಂದಿದ್ದೇನೆ. 42,000 ಕಿ.ಮೀ. ಓಡಿದೆ, ಒಬ್ಬರೇ ಮಾಲೀಕರು. ಕಳೆದ ತಿಂಗಳಷ್ಟೇ ಅಡಿಭಾಗಕ್ಕೆಲ್ಲ ಹೊಸದಾಗಿ ಕೋಟಿಂಗ್ ಮಾಡಿಸಿದ್ದೇವೆ ಎನ್ನುತ್ತಾರೆ. ನನಗೆ ಕಾರಿನ ವಿಷಯ ಹೆಚ್ಚು ತಿಳಿಯದು. ಏನನ್ನು ನೋಡಿ ನಿರ್ಧರಿಸಲಿ?
(ಓದುಗರು, ಕಾವೂರು)

ಉತ್ತರ: ಮಾರುವವರು ಕಾರಿನ ಗುಣವೆಂದು ಹೇಳಿರುವ ಮಾತೇ ನನ್ನನ್ನು ಮೊದಲು ತಡೆದು ನಿಲ್ಲಿಸಿತು. ಹೊಸ ಕಾರಿಗೆ ಮೊದಲ ಮಳೆಗಾಲದ ಮುಂಚೆ ಮಾಡಿಸಿದ ಕೋಟಿಂಗ್ ತಗಡನ್ನು ಕಾಯುತ್ತದೆ. ಎಂಟು ಮಳೆಗಾಲ ಕಂಡ ಕಾರಿಗೆ ಮಾರಾಟಕ್ಕೆ ಒಂದು ತಿಂಗಳ ಮುಂಚೆ ಬಳಿದ ಕಪ್ಪು ಲೇಪವಾದರೋ, ಹಳೆಯ ತುಕ್ಕನ್ನು ಉಜ್ಜಿ ತೆಗೆಯದೆ ಬಳಿದಿದ್ದರೆ, ತುಕ್ಕನ್ನು ಕಣ್ಣಿನಿಂದ ಮರೆಮಾಡಿ ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಅವರು ಒಳ್ಳೆಯ ಮನಸ್ಸಿನಿಂದಲೇ ಮಾಡಿಸಿರಬಹುದು. ಆದರೂ ನಿಮ್ಮ ನಂಬಿಕೆಯ ಗ್ಯಾರೇಜಿನಲ್ಲಿ ಕಾರನ್ನು ಲಿಫ್ಟ್ ಮೇಲೆ ಏರಿಸಿ ನೋಡುವ ತನಕ ಮುಂಗಡ ಹಣ ಕೊಡಬೇಡಿ.

ಕಾರು ಮೇಲೇರಿದ ಮೇಲೆ ರನ್ನಿಂಗ್ ಬೋರ್ಡಿನ ಕೆಳ ಅಂಚು, ಹಿಂದಿನ ಚಕ್ರಗಳ ಮೇಲಿನ ಕಮಾನಿನ ಒಳಮೈ, ಸಸ್ಪೆನ್ಷನ್ ಬಾಡಿಗೆ ಕೂಡುವ ಜಾಗ ಮತ್ತು ಬ್ರೇಕ್ ಪೈಪುಗಳು ಹಾದುಹೋಗುವ ದಾರಿಯನ್ನು ಟಾರ್ಚ್ ಹಿಡಿದು ನೋಡಿ. ಸ್ಕ್ರೂ ಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ಗಟ್ಟಿ ತಗಡು ಸ್ಪಷ್ಟವಾದ ಸದ್ದು ಕೊಡುತ್ತದೆ. ಒಳಗೆ ತಿಂದುಹೋದ ತಗಡು ನೆನೆದ ರಟ್ಟಿನಂತೆ ಮಂಕಾಗಿ ಸದ್ದು ಮಾಡುತ್ತದೆ, ಕೆಲವೊಮ್ಮೆ ಲೇಪದ ಸಮೇತ ಪದರಪದರವಾಗಿ ಉದುರುತ್ತದೆ. ಸೈಲೆನ್ಸರಿನ ಮೇಲೆ ಕೆಂಪು ತುಕ್ಕು ಕಂಡರೆ ಗಾಬರಿಯಾಗಬೇಕಿಲ್ಲ, ಅದು ಇಲ್ಲಿ ಎಲ್ಲ ಕಾರಿಗೂ ಹಿಡಿಯುತ್ತದೆ ಮತ್ತು ಬದಲಿಸಬಹುದಾದ ಭಾಗ. ಬಾಡಿಯ ಆಧಾರವೇ ತಿಂದುಹೋಗಿದ್ದರೆ ಮಾತ್ರ ಬೆಲೆ ಎಷ್ಟು ಇಳಿಸಿದರೂ ಆ ಕಾರು ಬೇಡ.

ಇನ್ನೊಂದು ಪರೀಕ್ಷೆಗೆ ಲಿಫ್ಟ್ ಬೇಡ, ತೆಂಗಿನ ಹಿಡಿಸೂಡಿಯ ಒಂದು ಕಡ್ಡಿ ಸಾಕು. ಪ್ರತಿ ಬಾಗಿಲಿನ ಕೆಳ ಅಂಚಿನಲ್ಲಿ, ಒಳಕ್ಕೆ ಇಳಿದ ಮಳೆನೀರು ಹೊರಹೋಗಲೆಂದು ಸಣ್ಣ ತೂತುಗಳಿರುತ್ತವೆ. ಗಾಜಿನ ಸಂದಿಯಿಂದ ಬಾಗಿಲಿನ ಒಳಗೆ ನೀರು ಇಳಿಯುವುದು ಸಹಜ, ಅದು ಹೊರಬೀಳದಿರುವುದೇ ರೋಗ. ಕೆಲವು ವರ್ಷಗಳ ಹಿಂದೆ ಸಂಬಂಧಿಕರೊಬ್ಬರಿಗಾಗಿ ಕಾರು ನೋಡಲು ಹೋಗಿದ್ದಾಗ ಹೊಳೆಹೊಳೆಯುವ ಬಾಗಿಲಿನ ಕೆಳಗಿನ ತೂತಿಗೆ ಕಡ್ಡಿ ತೂರಿಸಿದೆ. ಮೊದಲು ಕೆಂಪು ಮಣ್ಣು ಮೆತ್ತಿದ ಎಲೆಚೂರೊಂದು ಹೊರಬಂತು, ಅದರ ಹಿಂದೆಯೇ ಚಹಾದ ಬಣ್ಣದ ನೀರು ಸುಮಾರು ಒಂದು ಲೋಟದಷ್ಟು ಅಂಗಳಕ್ಕೆ ಸುರಿಯಿತು. ಆ ದಿನ ಮಳೆ ಇರಲಿಲ್ಲ, ಹಿಂದಿನ ವಾರವೂ ಇರಲಿಲ್ಲ. ಎಷ್ಟು ತಿಂಗಳಿಂದ ಆ ನೀರು ಬಾಗಿಲಿನೊಳಗೆ ನಿಂತಿತ್ತೋ! ಕಾರನ್ನು ಕೊಳ್ಳಲಿಲ್ಲ. ಕೊಂಡ ಮೇಲೆ ನೀವೂ ವರ್ಷಕ್ಕೆ ಎರಡು ಸಲ ಈ ತೂತುಗಳನ್ನು ಬಿಡಿಸಿಕೊಳ್ಳಿ. ಸಾವಿರಾರು ರೂಪಾಯಿಯ ಕೋಟಿಂಗಿಗಿಂತ ಇದರ ಉಪಕಾರ ಹೆಚ್ಚೆಂದೇ ನನ್ನ ಅನುಭವ ಹೇಳುತ್ತದೆ.

ನೆರೆಯಲ್ಲಿ ಮುಳುಗಿದ ಕಾರುಗಳು ತೊಳೆದು ಒಣಗಿಸಿಕೊಂಡು ಬೇರೆ ಊರಿನ ಮಾರುಕಟ್ಟೆಗೆ ಬರುವುದುಂಟು. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ: ಯಾರೂ ಎಳೆಯದ ಕೊನೆಯ ಅರ್ಧ ಮೀಟರಿನಲ್ಲಿ ಕೆಸರಿನ ಕಲೆಯಿದ್ದರೆ ನೀರು ಅಲ್ಲಿಯವರೆಗೆ ಏರಿತ್ತೆಂದು ಅರ್ಥ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿಯನ್ನೂ, ಸೀಟು ಜಾರುವ ಹಳಿಯ ಬೋಲ್ಟುಗಳನ್ನೂ ನೋಡಿ. ಒಳಗೆ ಸುಗಂಧದ ವಾಸನೆ ಅತಿಯಾಗಿದ್ದರೆ ಗಾಜುಗಳನ್ನು ಏರಿಸಿ ಹದಿನೈದು ನಿಮಿಷ ಬಿಟ್ಟು ಮತ್ತೆ ಬಾಗಿಲು ತೆರೆಯಿರಿ.

42,000 ಕಿ.ಮೀ. ನಿಜವೋ ಎಂಬುದನ್ನು ಮೀಟರ್ ಹೇಳುವುದಿಲ್ಲ, ಸರ್ವಿಸ್ ದಾಖಲೆ ಹೇಳುತ್ತದೆ. ಕ್ಲಚ್ ಪೆಡಲಿನ ರಬ್ಬರ್ ನುಣ್ಣಗಾಗಿದ್ದು, ಸ್ಟೀರಿಂಗಿನ ಮೇಲ್ಮೈ ಸವೆದಿದ್ದು, ಮೀಟರ್ ಮಾತ್ರ ಎಳೆಯದಾಗಿದ್ದರೆ ಅನುಮಾನಿಸಬೇಕು. ನೋಡಲು ಹೋಗುವಾಗ ಬಾನೆಟ್ ತಣ್ಣಗಿರಲಿ. ಬಿಸಿ ಎಂಜಿನ್ ತನ್ನ ಬೆಳಗಿನ ತೊಂದರೆಯನ್ನು ಮುಚ್ಚಿಡುತ್ತದೆ.

ಕಾಗದಪತ್ರದಲ್ಲಿ ಆರ್‌ಸಿ ಮೇಲಿನ ಚಾಸಿ ನಂಬರ್ ಕಾರಿನ ಮೇಲಿನದಕ್ಕೆ ತಾಳೆಯಾಗಬೇಕು. ಸಾಲ ತೀರಿದೆ ಎಂದರಷ್ಟೇ ಸಾಲದು, ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೈಗೆ ಬಂದು ಆರ್‌ಸಿಯಿಂದ ಹೈಪೊಥೆಕೇಷನ್ (ಸಾಲದ ನಮೂದು) ತೆಗೆಸಿರಬೇಕು. ಬಾಕಿಯಿರುವ ದಂಡಗಳನ್ನು ಸಾರಿಗೆ ಇಲಾಖೆಯ ಪರಿವಾಹನ್ ತಾಣದಲ್ಲಿ ನೋಡಿಕೊಳ್ಳಿ. ಮಾರಿದವರ ಇನ್ಶೂರೆನ್ಸಿನಲ್ಲಿ 50 ಶೇಕಡಾ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗಾಗಿ ಸಿಗುವ ರಿಯಾಯಿತಿ) ಇದ್ದರೂ ಅದು ಆ ವ್ಯಕ್ತಿಯ ಸೊತ್ತು, ಕಾರಿನದಲ್ಲ; ನಿಮಗೆ ಬರುವುದಿಲ್ಲ. ಪಾಲಿಸಿಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ ನಿಮ್ಮ ಕಾರಿಗಾದ ಹಾನಿಗೆ ಪರಿಹಾರ ಸಿಗುವುದು ಕಷ್ಟ.

ಪ್ರಶ್ನೆ: ಎರಡು ವರ್ಷದ ಹಿಂದೆ ನನ್ನ ಹಳೆಯ ಕಾರನ್ನು ಮಧ್ಯವರ್ತಿಯೊಬ್ಬರ ಮೂಲಕ ಮಾರಿದ್ದೆ. ಈಗ ಅದರ ಮೇಲಿನ ದಂಡದ ಸಂದೇಶಗಳು ನನ್ನ ಮೊಬೈಲಿಗೆ ಬರುತ್ತಿವೆ. ಕೊಂಡವರು ಯಾರೆಂದೇ ನನಗೆ ಗೊತ್ತಿಲ್ಲ.
(ನಿವೃತ್ತ ಶಿಕ್ಷಕರು, ಮಣಿಪಾಲ)

ಉತ್ತರ: ನೀರಿಗೆ ಸಂಬಂಧವಿಲ್ಲದ ಪತ್ರ ಇದೊಂದೇ, ಆದರೆ ಮೇಲಿನ ಪತ್ರದ ಇನ್ನೊಂದು ಮಗ್ಗುಲಾದ್ದರಿಂದ ಬಿಡಲಾಗಲಿಲ್ಲ. ದಂಡದ ಹಣ ಇಲ್ಲಿ ಚಿಕ್ಕ ಚಿಂತೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲೀಕರು. ಕಾರು ಕೈಯಿಂದ ಕೈಗೆ ಹಲವು ಸಲ ಮಾರಾಟವಾಗಿದ್ದರೂ ನೋಂದಣಿ ಬದಲಾಗದಿದ್ದರೆ ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕರ ಮೇಲೆಯೇ ಬರುತ್ತದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಇನ್ಶೂರೆನ್ಸ್ ಇಲ್ಲದ ಸ್ಥಿತಿಯಲ್ಲಿ ಆ ಕಾರು ಯಾರಿಗಾದರೂ ಡಿಕ್ಕಿ ಹೊಡೆದರೆ ನಿಮ್ಮ ಪಿಂಚಣಿಯ ಉಳಿತಾಯಕ್ಕೇ ಕುತ್ತು ಬರಬಹುದು.

ಮೋಟಾರು ವಾಹನ ಕಾಯ್ದೆಯ 50ನೇ ವಿಧಿಯ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನಗಳೊಳಗೆ ತಿಳಿಸಬೇಕು. ಫಾರಂ 29 ಮತ್ತು 30 ಇರುವುದು ಇದಕ್ಕಾಗಿಯೇ. ತಡವಾಗಿದ್ದರೂ ಈಗ ಮಾರಾಟದ ದಿನಾಂಕ, ಮಧ್ಯವರ್ತಿಯ ಹೆಸರು ಮತ್ತು ಹಣ ಬಂದ ಬ್ಯಾಂಕ್ ದಾಖಲೆಯನ್ನು ಜೋಡಿಸಿ ಉಡುಪಿ ಆರ್‌ಟಿಒ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದೇ ಅರ್ಜಿಯ ಪ್ರತಿಯೊಂದಿಗೆ ಪೊಲೀಸ್ ಠಾಣೆಯಲ್ಲಿಯೂ ದೂರು ದಾಖಲಿಸಿ. ದಂಡದ ಸಂದೇಶದಲ್ಲಿ ಜಾಗ ಮತ್ತು ಸಮಯ ಇರುತ್ತದೆ, ಹಲವು ವೇಳೆ ಚಿತ್ರವೂ ಇರುತ್ತದೆ; ಕಾರು ಯಾವ ಊರಿನಲ್ಲಿದೆ ಎಂಬ ಸುಳಿವು ಅಲ್ಲಿಯೇ ಸಿಗಬಹುದು. ಮಧ್ಯವರ್ತಿಯನ್ನು ಮುಖತಃ ಕಾಣಿರಿ. ಫಾಸ್ಟ್ಯಾಗ್ ಇನ್ನೂ ನಿಮ್ಮ ಹೆಸರಿನಲ್ಲಿದ್ದರೆ ಇಂದೇ ಮುಚ್ಚಿಸಿ.

ಪ್ರಶ್ನೆ: ನಾನು ದುಬೈಯಲ್ಲಿ ಕೆಲಸದಲ್ಲಿದ್ದೇನೆ. ವರ್ಷಕ್ಕೆ ಒಂದೂವರೆ ತಿಂಗಳು ಮಾತ್ರ ಊರಿನಲ್ಲಿರುತ್ತೇನೆ. ಉಳಿದ ಸಮಯ ಕಾರು ಮನೆಯ ಸಿಟೌಟಿನ ಪಕ್ಕದ ಶೆಡ್ಡಿನಲ್ಲಿ ಕವರ್ ಹಾಕಿಕೊಂಡು ನಿಂತಿರುತ್ತದೆ. ಪಕ್ಕದ ಮನೆಯ ಹುಡುಗ ವಾರಕ್ಕೊಮ್ಮೆ ಬಂದು ಐದು ನಿಮಿಷ ಸ್ಟಾರ್ಟ್ ಮಾಡಿಟ್ಟು ಹೋಗುತ್ತಾನೆ. ಆದರೂ ಪ್ರತಿ ಸಲ ಬಂದಾಗ ಬ್ಯಾಟರಿ ಸತ್ತಿರುತ್ತದೆ, ಸೀಟಿಗೆ ಬೂಷ್ಟು ಹಿಡಿದಿರುತ್ತದೆ, ಕಳೆದ ಸಲ ಹಿಂದಿನ ಚಕ್ರ ತಿರುಗಲೇ ಇಲ್ಲ.
(ಓದುಗರು, ಬ್ರಹ್ಮಾವರ)

ಉತ್ತರ: ಕರಾವಳಿಯಲ್ಲಿ ಇಂತಹ ಶೆಡ್ಡುಗಳು ಎಷ್ಟು ಮನೆಗಳಲ್ಲಿವೆಯೆಂದರೆ ಈ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಪಕ್ಕದ ಮನೆಯ ಹುಡುಗನ ಐದು ನಿಮಿಷವೇ ಕಾರಿಗೆ ಹೆಚ್ಚು ಕೇಡು ಮಾಡುತ್ತಿದೆ. ಅವನು ಸೆಲ್ಫ್ ಹೊಡೆದಾಗ ಬ್ಯಾಟರಿಯಿಂದ ದೊಡ್ಡ ಪ್ರಮಾಣದಲ್ಲಿ ಕರೆಂಟ್ ಹೋಗುತ್ತದೆ. ನಿಂತಲ್ಲೇ ಐದು ನಿಮಿಷ ಓಡಿದ ಎಂಜಿನ್ ಅದನ್ನು ಪೂರ್ತಿ ತುಂಬಿಸಿ ಕೊಡುವುದಿಲ್ಲ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಸೈಲೆನ್ಸರ್ ಚೆನ್ನಾಗಿ ಬಿಸಿಯಾದರೆ ಅದು ಹೊರಗೆ ಹೋಗುತ್ತದೆ, ಆಗದಿದ್ದರೆ ಒಳಗೇ ನೀರಾಗಿ ನಿಂತು ತಗಡನ್ನು ತಿನ್ನುತ್ತದೆ. ಎಂಜಿನ್ ಆಯಿಲಿಗೂ ಅದೇ ಗತಿ.

ಹಾಗಾಗಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ನಂಬಿಕೆಯ, ಲೈಸೆನ್ಸ್ ಇರುವ ಒಬ್ಬರು ಹದಿನೈದು ದಿನಕ್ಕೊಮ್ಮೆ ಕಾರನ್ನು ಹೊರಗೆ ತೆಗೆದು ಕುಂದಾಪುರದ ದಾರಿಯಲ್ಲಿ ಹದಿನೈದಿಪ್ಪತ್ತು ಕಿಲೋಮೀಟರ್ ಎ.ಸಿ. ಹಾಕಿಕೊಂಡು ಓಡಿಸಿ ತರಲಿ. ಇದು ಎಲ್ಲಕ್ಕಿಂತ ಉತ್ತಮ. ಎಂಜಿನ್ ಬಿಸಿಯಾಗುತ್ತದೆ, ಬ್ರೇಕ್ ಡಿಸ್ಕಿನ ತುಕ್ಕು ಉಜ್ಜಿಹೋಗುತ್ತದೆ, ಟಯರಿನ ಒಂದೇ ಜಾಗದ ಮೇಲೆ ಭಾರ ಕೂರುವುದಿಲ್ಲ, ಎ.ಸಿ. ಸೀಟುಗಳ ತೇವವನ್ನು ಹೀರಿ ತೆಗೆಯುತ್ತದೆ. ಅಂಥವರು ಯಾರೂ ಇಲ್ಲದಿದ್ದರೆ ಕಾರನ್ನು ಮುಟ್ಟದೆಯೇ ಬಿಡಬೇಕು, ಆದರೆ ಬಿಡುವ ಮುಂಚೆ ಒಂದು ದಿನದ ಕೆಲಸವಿದೆ.

ಮೊದಲಿಗೆ ಕಾರನ್ನು ಅಡಿಭಾಗದ ಸಮೇತ ಸಿಹಿನೀರಿನಲ್ಲಿ ತೊಳೆಸಿ. ಮೀನಿನ ಲಾರಿಗಳಿಂದ ಹೆದ್ದಾರಿಗೆ ಸುರಿಯುವ ಉಪ್ಪುನೀರು ನಿಮ್ಮ ಚಕ್ರದ ಕಮಾನಿನೊಳಗೆ ಚಿಮ್ಮಿರುತ್ತದೆಂಬುದನ್ನು ಮರೆಯಬೇಡಿ. ತೊಳೆದ ಮೇಲೆ ಕಾರನ್ನು ಒಂದಿಷ್ಟು ದೂರ ಓಡಿಸಿ ಬ್ರೇಕ್ ಒಣಗಿಸಿಯೇ ಶೆಡ್ಡಿಗೆ ತನ್ನಿ. ಹ್ಯಾಂಡ್ ಬ್ರೇಕ್ ಎಳೆಯಬೇಡಿ: ನಿಮ್ಮ ಹಿಂದಿನ ಚಕ್ರ ತಿರುಗದಿದ್ದುದಕ್ಕೆ ಬ್ರೇಕ್ ಲೈನರ್ ತುಕ್ಕು ಹಿಡಿದ ಡ್ರಮ್ಮಿಗೆ ಅಂಟಿಕೊಂಡದ್ದೇ ಕಾರಣವಿರಬೇಕು. ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಹಿಂದೆ ಮುಂದೆ ಮರದ ತುಂಡು ಅಥವಾ ಕಲ್ಲು ಕೊಡಿ. ಟಯರಿನ ಗಾಳಿ ಸೂಚಿಸಿದ್ದಕ್ಕಿಂತ ಸ್ವಲ್ಪ ಹೆಚ್ಚಿರಲಿ. ಪೆಟ್ರೋಲ್ ಟ್ಯಾಂಕ್ ತುಂಬಿರಲಿ. ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಬೆರೆತಿರುತ್ತದೆ, ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುವಂಥದ್ದು, ಟ್ಯಾಂಕಿನಲ್ಲಿ ಖಾಲಿ ಜಾಗ ಕಡಿಮೆಯಿದ್ದಷ್ಟೂ ಒಳಗೆ ಸೇರುವ ತೇವವೂ ಕಡಿಮೆ. ಕೊನೆಗೆ ಬ್ಯಾಟರಿಯ ನೆಗೆಟಿವ್ ವಯರ್ ಬಿಚ್ಚಿಡಿ. ಊರಿಗೆ ಬಂದಾಗ ಮೀಟರ್ ಹಚ್ಚಿ ನೋಡಿದರೆ 12.6 ವೋಲ್ಟ್ ತುಂಬಿದ ಬ್ಯಾಟರಿ, 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ಅದಕ್ಕಿಂತಲೂ ಕೆಳಗಿದ್ದರೆ ನೆರೆಯವರ ಕಾರಿನಿಂದ ವಯರ್ ಎಳೆಯುವ ಬದಲು ಚಾರ್ಜಿಗೆ ಹಾಕಿಸಿ.

ಕವರ್ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ಗಾಳಿಯಾಡದ ಪ್ಲಾಸ್ಟಿಕ್ ಕವರ್ ಹಾಕುವುದೆಂದರೆ ಒದ್ದೆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಟ್ಟಂತೆ. ಶೆಡ್ಡಿಗೆ ಮಾಡು ಇರುವುದರಿಂದ ಧೂಳು ತಡೆಯಲು ತೆಳು ಹತ್ತಿ ಬಟ್ಟೆ ಸಾಕು, ಗಾಜುಗಳನ್ನು ಒಂದು ಬೆರಳಿನ ಸಂದಿಯಷ್ಟು ಇಳಿಸಿಡಿ. ಅದೇ ಶೆಡ್ಡಿನಲ್ಲಿ ದನದ ಹಿಂಡಿಯ ಚೀಲ, ತೆಂಗಿನಕಾಯಿ ರಾಶಿ ಇದ್ದರೆ ಬೇರೆಡೆಗೆ ಸಾಗಿಸಿ. ಹೆಗ್ಗಣ ಬರುವುದು ಅದಕ್ಕೆ, ವಯರ್ ಕಡಿಯುವುದು ಆಮೇಲೆ. ಬಾನೆಟ್ ಒಳಗೆ ಹೊಗೆಸೊಪ್ಪು ಇಡುವವರಿದ್ದಾರೆ, ಅದರ ಘಾಟು ಹೋದ ಮೇಲೆ ಅದು ಬರಿಯ ಎಲೆ. ಊರಿಗೆ ಬಂದ ದಿನ ಸೆಲ್ಫ್ ಹೊಡೆಯುವ ಮುಂಚೆ ಬಾನೆಟ್ ತೆರೆದು ವಯರುಗಳನ್ನೂ ಏರ್ ಫಿಲ್ಟರಿನ ಡಬ್ಬವನ್ನೂ ನೋಡುವ ಅಭ್ಯಾಸವಿರಲಿ.

ಇನ್ಶೂರೆನ್ಸನ್ನು ಕಾರು ನಿಂತಿದೆಯೆಂದು ಬಿಡಬೇಡಿ. ಅವಧಿ ಮುಗಿದು 90 ದಿನ ದಾಟಿದರೆ ಅಷ್ಟು ವರ್ಷ ಕೂಡಿಸಿದ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿಂತ ಕಾರಿನ ಮೇಲೂ ತೆಂಗಿನಮರ ಬೀಳುತ್ತದೆ.

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ಕೊಟ್ಟಾರ ಚೌಕಿಯಲ್ಲಿ ನಿಂತಿದ್ದ ನೀರಿನಲ್ಲಿ ಕಾರು ಬಂದ್ ಆಯಿತು. ಯಜಮಾನರು ನಾಲ್ಕೈದು ಸಲ ಸೆಲ್ಫ್ ಹೊಡೆದರು, ಒಂದು ದೊಡ್ಡ ಸದ್ದು ಬಂದು ಆಮೇಲೆ ಏನೂ ಆಗಲಿಲ್ಲ. ಎಂಜಿನ್ ಬಿಚ್ಚಿಸಿದ್ದಕ್ಕೆ ದೊಡ್ಡ ಮೊತ್ತವೇ ಖರ್ಚಾಯಿತು. ಪೂರ್ಣ ಇನ್ಶೂರೆನ್ಸ್ ಇದ್ದರೂ ಕಂಪನಿಯವರು ಎಂಜಿನ್ನಿಗೆ ಹಣ ಕೊಡಲಿಲ್ಲ. ಇದು ನ್ಯಾಯವೇ?
(ಗೃಹಿಣಿ, ದೇರೆಬೈಲ್)

ಉತ್ತರ: ನಿಮಗಾದ ನಷ್ಟಕ್ಕೆ ಬೇಸರವಾಗುತ್ತದೆ, ಏಕೆಂದರೆ ಆ ನಾಲ್ಕೈದು ಸೆಲ್ಫ್ ಹೊಡೆಯದಿದ್ದರೆ ಎಂಜಿನ್ ಬಹುಶಃ ಉಳಿಯುತ್ತಿತ್ತು. ಎಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ ಮೇಲೇರುವಾಗ ಗಾಳಿಯನ್ನು ಒತ್ತುತ್ತದೆ. ಗಾಳಿ ಒತ್ತಿಸಿಕೊಳ್ಳುತ್ತದೆ, ನೀರು ಒತ್ತಿಸಿಕೊಳ್ಳುವುದಿಲ್ಲ. ಏರ್ ಫಿಲ್ಟರಿನ ದಾರಿಯಿಂದ ನೀರು ಒಳಗೆ ಸೇರಿದ ಮೇಲೆ ಪಿಸ್ಟನ್ನನ್ನು ಬಲವಂತವಾಗಿ ಮೇಲೇರಿಸಿದರೆ ಅದನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಮುರಿದು ಬ್ಲಾಕನ್ನೇ ತೂತು ಮಾಡುವುದೂ ಉಂಟು. ನೀವು ಕೇಳಿದ ಸದ್ದು ಅದೇ ಇರಬೇಕು.

ಸಾಮಾನ್ಯ ಪೂರ್ಣ ಪಾಲಿಸಿ ನೆರೆಯಿಂದಾದ ಹಾನಿಯನ್ನು ಒಪ್ಪುತ್ತದೆ, ಅಂದರೆ ಒದ್ದೆಯಾದ ಸೀಟು, ವಯರಿಂಗ್, ಎಂಜಿನ್ನಿನ ಶುದ್ಧಿಯ ಖರ್ಚು ಅದರಲ್ಲಿ ಬರುತ್ತದೆ. ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಲು ಹೋಗಿ ಆದ ಹಾನಿಯನ್ನು ಮಾತ್ರ ಕಂಪನಿಗಳು ನೆರೆಯ ನೇರ ಪರಿಣಾಮವೆಂದು ಎಣಿಸದೆ ಹೊರಗಿಡುತ್ತವೆ. ಅದಕ್ಕಾಗಿಯೇ ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಮಾರಾಟದಲ್ಲಿದೆ. ಮಂಗಳೂರಿನಂತಹ ಊರಿನಲ್ಲಿ ಕಾರಿಟ್ಟವರು ಬೇರೆ ಯಾವ ಹೆಚ್ಚುವರಿಯನ್ನು ಬಿಟ್ಟರೂ ಇದನ್ನು ಬಿಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅದರಲ್ಲಿಯೂ ಷರತ್ತುಗಳಿರುವುದರಿಂದ ಓದಿಕೊಂಡೇ ಕೊಳ್ಳಿ. ನಿಮ್ಮ ಪಾಲಿಸಿಯಲ್ಲಿ ಅದು ಸೇರಿದ್ದೂ ಹಣ ಕೊಟ್ಟಿಲ್ಲವಾದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ, ಅಲ್ಲಿ ಪರಿಹಾರ ಸಿಗದಿದ್ದರೆ ಇಂತಹ ದೂರುಗಳನ್ನು ಇತ್ಯರ್ಥ ಮಾಡುವ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ.

ಮುಂದಿನ ಸಲ ರಸ್ತೆಯಲ್ಲಿ ನೀರು ನಿಂತಿದ್ದರೆ ಎದುರಿನ ಕಾರಿನ ಚಕ್ರವನ್ನು ನೋಡಿ. ಚಕ್ರದ ನಡುಮಟ್ಟ ಮುಳುಗುತ್ತಿದ್ದರೆ ಇಳಿಯಬೇಡಿ, ಬಳಸು ದಾರಿ ಹಿಡಿಯಿರಿ. ಇಳಿದಾಗಿದ್ದರೆ ಮೊದಲ ಗೇರಿನಲ್ಲಿ, ನಡುವೆ ನಿಲ್ಲಿಸದೆ, ಮೆಲ್ಲಗೆ ಸಾಗಿ. ಎದುರಿನಿಂದ ಬಸ್ಸು ಬರುತ್ತಿದ್ದರೆ ಅದು ದಾಟುವ ತನಕ ಕಾದು ಇಳಿಯಿರಿ, ಬಸ್ಸು ಎಬ್ಬಿಸುವ ಅಲೆಯೇ ಬಾನೆಟ್ಟಿನ ಮೇಲೇರುತ್ತದೆ. ಕಾರು ಬಂದ್ ಆದರೆ ಕೀ ತೆಗೆದು, ಎಲ್ಲರೂ ಇಳಿದು, ತಳ್ಳಿ ಮೇಲಕ್ಕೆ ತನ್ನಿ. ನೀರು ಎಷ್ಟರ ಮಟ್ಟಕ್ಕಿತ್ತೆಂದು ತೋರಿಸುವ ಚಿತ್ರ ತೆಗೆದಿಟ್ಟುಕೊಳ್ಳಿ, ಬ್ಯಾಟರಿ ಬಿಚ್ಚಿಸಿ, ಇನ್ಶೂರೆನ್ಸಿಗೆ ತಿಳಿಸಿ, ಕಾರನ್ನು ಹೊತ್ತುಕೊಂಡು ಹೋಗುವ ವಾಹನದಲ್ಲಿಯೇ ಗ್ಯಾರೇಜಿಗೆ ಸಾಗಿಸಿ.

ಪ್ರಶ್ನೆ: ಮಳೆಗಾಲದ ರಾತ್ರಿ ಎದುರಿನ ಗಾಜಿಗೆ ಮಂಜು ಹಿಡಿಯುತ್ತದೆ. ಎ.ಸಿ. ಜೋರು ಮಾಡಿದರೆ ಹೋಗುವುದರ ಬದಲು ಹೆಚ್ಚಾಗುತ್ತದೆ. ಏಕೆ?
(ಓದುಗರು, ಕಾಪು)

ಉತ್ತರ: ಮಂಜು ಗಾಜಿನ ಹೊರಮೈಗೆ ಹಿಡಿದಿದೆ, ಅದಕ್ಕೆ. ಬೆರಳಿನಿಂದ ಒಳಗಡೆ ಉಜ್ಜಿ ನೋಡಿ. ಗೆರೆ ಮೂಡದಿದ್ದರೆ ಮಂಜು ಹೊರಗಿದೆ ಎಂದರ್ಥ. ಎ.ಸಿ. ಗಾಳಿಯಿಂದ ತಣ್ಣಗಾದ ಗಾಜಿಗೆ ಹೊರಗಿನ ತೇವದ ಗಾಳಿ ತಾಗಿ ನೀರಾಗುತ್ತದೆ, ತಣ್ಣನೆಯ ಚೊಂಬಿನ ಹೊರಮೈ ಬೆವರಿದ ಹಾಗೆ. ವೈಪರ್ ಒಮ್ಮೆ ಹಾಕಿ, ಗಾಳಿಯನ್ನು ಗಾಜಿನ ಕಡೆಯಿಂದ ಎದೆಯ ಕಡೆಗೆ ತಿರುಗಿಸಿ, ತಂಪನ್ನು ಸ್ವಲ್ಪ ಕಡಿಮೆ ಮಾಡಿ. ಬೆರಳಿಗೆ ಗೆರೆ ಮೂಡಿದರೆ ಮಂಜು ಒಳಗಿನದು, ಆಗ ಎ.ಸಿ. ಹಾಕಿ, ಗಾಳಿಯನ್ನು ಗಾಜಿಗೆ ಬಿಟ್ಟು, ಹೊರಗಿನ ಗಾಳಿ ಒಳಬರುವ ಗುಂಡಿ ಒತ್ತಿ.

ಪ್ರಶ್ನೆ: ಮಳೆ ಬಂದ ಮರುದಿನ ಮುಂದಿನ ಎಡ ಸೀಟಿನ ಕೆಳಗೆ ಕಾರ್ಪೆಟ್ ಒದ್ದೆಯಾಗಿರುತ್ತದೆ. ಕಾರು ಮನೆಯ ಹಲಸಿನ ಮರದಡಿ ನಿಲ್ಲುತ್ತದೆ.
(ಓದುಗರು, ಕಾರ್ಕಳ)

ಉತ್ತರ: ಮರದ ಹೆಸರು ಬರೆದದ್ದು ಒಳ್ಳೆಯದಾಯಿತು. ವೈಪರ್ ಬುಡದಲ್ಲಿರುವ ಜಾಲರಿಯ ಕೆಳಗೆ ಮಳೆನೀರು ಇಳಿದುಹೋಗುವ ದಾರಿಯಿರುತ್ತದೆ. ಹಲಸಿನ ಎಲೆ ಕೊಳೆತು ಅದನ್ನು ಮುಚ್ಚಿದರೆ ನೀರು ತುಂಬಿ ಎ.ಸಿ. ಗಾಳಿಯ ಬಾಯಿಯ ಮೂಲಕ ಒಳಗೆ ಬರುತ್ತದೆ. ಮಳೆಯಿಲ್ಲದ ದಿನ ದೂರ ಹೋಗಿ ಬಂದ ಮೇಲೂ ಅಲ್ಲಿಯೇ ಒದ್ದೆಯಾಗುತ್ತಿದ್ದರೆ ಎ.ಸಿ. ನೀರಿನ ಕೊಳವೆ ಕಟ್ಟಿದೆಯೆಂದು ತಿಳಿಯಿರಿ. ಎರಡೂ ಸಣ್ಣ ಕೆಲಸ, ಆದರೆ ಆ ಕಾರ್ಪೆಟ್ಟಿನಡಿ ವಯರುಗಳು ಹಾದುಹೋಗುವುದರಿಂದ ತಡಮಾಡಬಾರದು. ಕಾರ್ಪೆಟ್ಟನ್ನು ಎತ್ತಿಸಿ ಕೆಳಗಿನ ದಪ್ಪ ಸ್ಪಂಜನ್ನೂ ಒಣಗಿಸಿ.

ಪ್ರಶ್ನೆ: ಶೃಂಗೇರಿಯಿಂದ ಆಗುಂಬೆ ಘಾಟಿ ಇಳಿದು ಬರುವಾಗ ಕೊನೆಯ ತಿರುವುಗಳಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೆ ಹೋಯಿತು, ಸುಟ್ಟ ವಾಸನೆ ಬಂತು. ಸೋಮೇಶ್ವರದಲ್ಲಿ ಅರ್ಧ ಗಂಟೆ ನಿಲ್ಲಿಸಿದ ಮೇಲೆ ಎಲ್ಲ ಸರಿಯಾಯಿತು. ಬ್ರೇಕ್ ಪ್ಯಾಡ್ ಹೊಸತು. ಮತ್ತೇಕೆ ಹೀಗೆ?
(ಓದುಗರು, ಉಡುಪಿ)

ಉತ್ತರ: ಪ್ಯಾಡ್ ಹೊಸತಾದರೂ ಬ್ರೇಕ್ ಆಯಿಲ್ ಹಳತಾಗಿರಬೇಕು. ಈ ಆಯಿಲ್ ಗಾಳಿಯಿಂದ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ಅದೇ ಆಯಿಲ್ 3.7 ಶೇಕಡಾ ನೀರು ಕುಡಿದ ಮೇಲೆ 155 ಡಿಗ್ರಿಗೇ ಕುದಿಯಬಹುದು. ಆಗುಂಬೆಯ 14 ಹಿಮ್ಮುರಿ ತಿರುವುಗಳನ್ನು ಬ್ರೇಕ್ ಒತ್ತಿಕೊಂಡೇ ಇಳಿದರೆ ಆ ಬಿಸಿ ಏರುವುದು ಕಷ್ಟವಲ್ಲ. ಕುದಿದ ಆಯಿಲಿನಲ್ಲಿ ಗುಳ್ಳೆಗಳಾಗುತ್ತವೆ, ಕಾಲಿನ ಒತ್ತಡ ಚಕ್ರಕ್ಕೆ ತಲುಪುವ ಬದಲು ಗುಳ್ಳೆಗಳನ್ನು ಒತ್ತುವುದರಲ್ಲಿ ಕಳೆದುಹೋಗುತ್ತದೆ. ತಣಿದ ಮೇಲೆ ಗುಳ್ಳೆ ಮಾಯವಾಗಿ ಪೆಡಲ್ ಗಟ್ಟಿಯಾಗುತ್ತದೆ. ಆದ್ದರಿಂದಲೇ ಗ್ಯಾರೇಜಿಗೆ ಹೋದಾಗ ಏನೂ ದೋಷ ಕಾಣುವುದಿಲ್ಲ.

ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲನ್ನು ಪೂರ್ತಿ ಬದಲಿಸಿ. ಮೇಲಿನ ಡಬ್ಬಕ್ಕೆ ಸ್ವಲ್ಪ ಸುರಿದು ಮಟ್ಟ ಸರಿಮಾಡುವುದು ಬದಲಿಸಿದ ಹಾಗಲ್ಲ. ಘಾಟಿಯನ್ನು ಹತ್ತಲು ಯಾವ ಗೇರ್ ಬೇಕೋ ಇಳಿಯಲು ಅದೇ ಗೇರ್ ಎಂಬ ಹಳೆಯ ಚಾಲಕರ ಮಾತು ಈಗಲೂ ಸರಿ. ಆಟೊಮ್ಯಾಟಿಕ್ ಕಾರಿನಲ್ಲಿ ಡಿ ಬಿಟ್ಟು ಎಲ್ ಅಥವಾ ಮ್ಯಾನುವಲ್ ಸ್ಥಾನಕ್ಕೆ ತನ್ನಿ. ನ್ಯೂಟ್ರಲ್ ಮಾಡಿ ಜಾರುವುದಂತೂ ಬೇಡವೇ ಬೇಡ. ಬ್ರೇಕನ್ನು ತಿರುವಿನ ಮುಂಚೆ ಗಟ್ಟಿಯಾಗಿ ಒತ್ತಿ ಬಿಡಬೇಕು, ಸವರುತ್ತ ಇರಬಾರದು. ಕೆಳಗೆ ಬಂದ ಮೇಲೆ ಕಾದ ಚಕ್ರಗಳಿಗೆ ನೀರು ಸುರಿಯುವವರನ್ನು ಕಂಡಿದ್ದೇನೆ. ಹಾಗೆ ಮಾಡಿದರೆ ಡಿಸ್ಕ್ ಸೊಟ್ಟಗಾಗಬಹುದು. ಘಾಟಿಯಲ್ಲಿ ಏರಿಬರುವ ವಾಹನಕ್ಕೆ ದಾರಿ ಬಿಡಬೇಕೆಂಬ ನಿಯಮವನ್ನೂ ಇಲ್ಲಿಯೇ ನೆನಪಿಸುತ್ತೇನೆ.

ಪ್ರಶ್ನೆ: ನನ್ನ ಕಾರಿನ ಟಯರುಗಳು 20,000 ಕಿ.ಮೀ. ಕೂಡ ಓಡಿಲ್ಲ, ಗೆರೆಗಳು ಚೆನ್ನಾಗಿಯೇ ಇವೆ. ಆದರೂ ಮರವಂತೆಯ ರಸ್ತೆಯಲ್ಲಿ ಜೋರು ಮಳೆಯಲ್ಲಿ ಕಾರಿನ ಹಿಂಭಾಗ ಜಾರಿದಂತಾಯಿತು. ಹಣದ ಅಡಚಣೆಯಿಂದ ಸದ್ಯ ಎರಡು ಟಯರ್ ಮಾತ್ರ ಕೊಳ್ಳಬಲ್ಲೆ.
(ಓದುಗರು, ಬೈಂದೂರು)

ಉತ್ತರ: ಟಯರಿನ ವಯಸ್ಸನ್ನು ನೀವು ಬರೆದಿಲ್ಲ. ಟಯರಿನ ಪಕ್ಕದಲ್ಲಿ ಡಾಟ್ (DOT) ಎಂಬ ಇಂಗ್ಲಿಷ್ ಅಕ್ಷರಗಳಿರುವ ಸಾಲಿನ ಕೊನೆಯ ನಾಲ್ಕು ಅಂಕೆಗಳನ್ನು ಓದಿ: 2318 ಎಂದಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಆರೇಳು ವರ್ಷ ದಾಟಿದ ರಬ್ಬರ್ ಗೆರೆ ಉಳಿಸಿಕೊಂಡಿದ್ದರೂ ಗಡಸಾಗಿ ಒದ್ದೆ ರಸ್ತೆಯ ಹಿಡಿತ ಕಳೆದುಕೊಂಡಿರುತ್ತದೆ. ಗೆರೆಯ ಆಳಕ್ಕೆ ಕಾನೂನಿನ ಮಿತಿ 1.6 ಮಿಲಿಮೀಟರ್, ಆದರೆ ನಮ್ಮ ಮಳೆಗೆ 3 ಮಿಲಿಮೀಟರಿಗೆ ಇಳಿದಾಗಲೇ ಬದಲಿಸುವುದು ಕ್ಷೇಮ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ. ಅಲ್ಲಿ ಜಾರಿದ ಕಾರಿಗೆ ಬೇರೆ ಜಾಗವಿಲ್ಲ. ನೀರು ನಿಂತ ರಸ್ತೆಯಲ್ಲಿ ವೇಗ ಹೆಚ್ಚಿದಷ್ಟೂ ಟಯರಿಗೆ ನೀರನ್ನು ಪಕ್ಕಕ್ಕೆ ತಳ್ಳಲು ಸಮಯ ಸಾಲದೆ ಅದು ನೀರಿನ ಮೇಲೆಯೇ ತೇಲುತ್ತದೆ. ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರಾದರೆ ಬ್ರೇಕ್ ಒತ್ತದೆ, ಸ್ಟೀರಿಂಗ್ ನೇರ ಹಿಡಿದು, ಆ್ಯಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆಯಿರಿ.

ಎರಡೇ ಟಯರ್ ಕೊಳ್ಳುವುದಾದರೆ ಅಂಗಡಿಯವರು ಅವನ್ನು ಮುಂದಿನ ಚಕ್ರಗಳಿಗೆ ಹಾಕಲು ಹೊರಡಬಹುದು. ಹಿಂದಕ್ಕೆ ಹಾಕಿಸಿ. ಮುಂದಿನ ಚಕ್ರ ಜಾರಿದರೆ ವೇಗ ಇಳಿಸಿದಾಗ ಕಾರು ಮತ್ತೆ ಹಿಡಿತಕ್ಕೆ ಬರುತ್ತದೆ, ಹಿಂದಿನ ಚಕ್ರ ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಅದನ್ನು ಸರಿಪಡಿಸುವುದು ನುರಿತ ಚಾಲಕರಿಗೂ ಕಷ್ಟ. ಇರುವುದರಲ್ಲಿ ಚೆನ್ನಾಗಿರುವ ಎರಡು ಹಳೆಯ ಟಯರುಗಳನ್ನು ಮುಂದಕ್ಕೆ ಹಾಕಿಸಿ, ಚಾಲಕನ ಬಾಗಿಲಿನ ಕಂಬದ ಮೇಲಿರುವ ಚೀಟಿಯಲ್ಲಿ ಬರೆದಷ್ಟೇ ಗಾಳಿಯನ್ನು, ಬೆಳಗ್ಗೆ ಕಾರು ಓಡುವ ಮುಂಚೆ ಅಳೆದು ತುಂಬಿಸಿ. ಉಳಿದ ಎರಡನ್ನು ಮುಂದಿನ ಮಳೆಗಾಲದೊಳಗೆ ಬದಲಿಸಿ.